ಕಾಡುಗೋಡಿಯಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರವೆಷ್ಟು, ಹೊತ್ತೆಷ್ಟು?

ವೈಟ್‌ಫೀಲ್ಡ್ ಮತ್ತು ಅದರ ಮಗ್ಗುಲಿನ ಕಾಡುಗೋಡಿಯ ಮನೆಗಳಲ್ಲಿ ಗೋಡೆಯ ಮೇಲೆ ಎರಡು ಗಡಿಯಾರಗಳನ್ನು ಕಂಡರೆ ಯಾರೂ ಬೆರಗಾಗಬೇಕಾಗಿಲ್ಲ. ಒಂದು ಇಲ್ಲಿಯ ವೇಳೆಯನ್ನು ಹೇಳುವುದು. ಮತ್ತೊಂದು ಮಗನೋ ಮಗಳೋ ನೆಲೆಸಿರುವ ಊರಿನ ವೇಳೆಯನ್ನು ಹೇಳುವುದು. ಅಂತಹ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ಮನೆಯ ಯಜಮಾನರಾದ ರಾಯರು ನಿವೃತ್ತ ಉಪಾಧ್ಯಾಯರು. ಮಗಳು ಮತ್ತು ಅಳಿಯ ಕ್ಯಾಲಿಫೋರ್ನಿಯದ ಸನಿವೇಲಿನಲ್ಲಿದ್ದಾರೆ. ಮಗಳಿಗೆ ಈಗ ಏಳು ತಿಂಗಳು. ಬಾಣಂತನಕ್ಕೆ ತಾಯಿ ಹೊರಟು ನಿಂತಿದ್ದಾರೆ. ರಾಯರಿಗೆ ಮಂಡಿನೋವು, ಅವರು ಈ ಸಲ ಹೋಗುವುದಿಲ್ಲ. ಹಿಂದೆಂದೂ ಒಬ್ಬರೇ ತಿರುಪತಿಗೂ ಹೋಗದಿದ್ದ ಆಕೆ ಈಗ ಒಬ್ಬರೇ ಭೂಮಿಯ ಆಚೆಯ ಮಗ್ಗುಲಿಗೆ ಹೋಗಬೇಕು.

"ಏನೂಂದ್ರೆ, ಅಲ್ಲಿಗೆ ಎಷ್ಟು ದೂರ ಆಗತ್ತೆ?"

"ಹದಿನಾಲ್ಕು ಸಾವಿರ ಕಿಲೋಮೀಟರು ಕಣೇ."

"ಅದೆಲ್ಲ ನನಗೆ ತಿಳಿಯೋಲ್ಲ. ಎಷ್ಟು ಹೊತ್ತು ಕೂತಿರಬೇಕು, ಅದನ್ನ ಹೇಳಿ."

ಗಣಿತದ ಮೇಷ್ಟ್ರಾಗಿದ್ದ ರಾಯರಿಗೆ ಈ ಉತ್ತರದಿಂದ ಸ್ವಲ್ಪ ನಿರಾಶೆಯಾದರೂ, ಆಕೆ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಆಕಾಶಮಾರ್ಗದಲ್ಲಿ ದೂರ ಬೇರೆ, ಹೊತ್ತು ಬೇರೆ. ಇವೆರಡಕ್ಕೂ ಇರುವ ಸಂಬಂಧವು ರೈಲುದಾರಿಯಲ್ಲಿರುವಷ್ಟು ಸರಳವಾದುದಲ್ಲ.

ಮೊದಲು ದೂರದ ವಿಚಾರ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಗಳ ನಡುವೆ ಭೂಮಿಯ ಮೈಯನ್ನು ಅನುಸರಿಸಿ ಅಳೆದರೆ ದೊರೆಯುವ ಅತ್ಯಂತ ಕಡಿಮೆ ಅಂತರವು ಸುಮಾರು 13,990 ಕಿಲೋಮೀಟರು, ಅಂದರೆ ಹತ್ತಿರಹತ್ತಿರ 8,700 ಮೈಲಿ. ಆದರೆ ಈ ಅತಿ ಕಡಿಮೆಯ ದಾರಿ ಯಾವುದು? ಶಾಲೆಯ ಗೋಡೆಯ ಮೇಲೆ ತೂಗುಹಾಕುವ ಭೂಪಟದ ಮೇಲೆ ಅಡಿಕೋಲಿಟ್ಟು ಬೆಂಗಳೂರಿನಿಂದ ಪೂರ್ವಕ್ಕೆ ಗೆರೆಯೆಳೆದರೆ ಅದು ಆಗ್ನೇಯ ಏಷ್ಯದ ಮೇಲೆ ಹಾದು, ಶಾಂತ ಮಹಾಸಾಗರವನ್ನು ಅಡ್ಡಲಾಗಿ ದಾಟಿ ಕ್ಯಾಲಿಫೋರ್ನಿಯವನ್ನು ಮುಟ್ಟುವುದು. ಕಣ್ಣಿಗೆ ಇದಕ್ಕಿಂತ ನೇರವಾದ ದಾರಿ ಬೇರೊಂದಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಮರ್ಕೇಟರನು 1569ರಲ್ಲಿ ಬರೆದ ಮಾದರಿಯ ಭೂಪಟದ ಮೇಲಿನ ಆ ನೇರ ಗೆರೆಯ ಉದ್ದ ಸುಮಾರು 16,100 ಕಿಲೋಮೀಟರು! ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ನಷ್ಟ. ಬೆಂಗಳೂರಿನಿಂದ ದೆಹಲಿಗೆ ಇರುವ ಆಕಾಶಮಾರ್ಗವೂ ಅಷ್ಟಾಗುವುದಿಲ್ಲ.

ಈ ವಿನೋದವನ್ನು ಮನೆಯಲ್ಲಿಯೇ ನೋಡಬಹುದು. ಮಕ್ಕಳ ಓದುವ ಮೇಜಿನ ಮೇಲೆ ಗೋಳವೊಂದಿದ್ದರೆ ಸಾಕು. ಹೂವು ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲೂ ಒತ್ತಿ ಹಿಡಿದು ಬಿಗಿಯಾಗಿ ಎಳೆದರೆ, ದಾರವು ತಾನಾಗಿಯೇ ಮೇಲಕ್ಕೆ ಜಾರಿ ಉತ್ತರದ ಕಡೆಗೆ ಹೋಗಿ ನಿಲ್ಲುವುದು. ನೇಪಾಳ, ಟಿಬೆಟ್ಟು, ಮಂಗೋಲಿಯದ ಅಂಚು, ಸೈಬೀರಿಯ, ಆಮೇಲೆ ರಷ್ಯಾದ ಉತ್ತರಕ್ಕಿರುವ ಹಿಮಸಮುದ್ರ, ಅಲ್ಲಿಂದ ಕೆಳಗಿಳಿದು ಅಲಾಸ್ಕ, ಕೊನೆಗೆ ಅಮೆರಿಕದ ಪಶ್ಚಿಮ ತೀರ: ಇದು ದಾರದ ದಾರಿ. ಪೂರ್ವದಲ್ಲಿರುವ ಊರಿಗೆ ಹೋಗಬೇಕಾದವನು ಉತ್ತರಕ್ಕೆ ಮುಖಮಾಡಿ ಹೊರಡಬೇಕೆಂದರೆ ವಿಚಿತ್ರವಾಗಿ ತೋರುವುದು ಸಹಜ. ಭೂಮಿಯು ಚಪಾತಿಯಂತೆ ಇದ್ದಿದ್ದರೆ ಅಡಿಕೋಲೇ ಗೆಲ್ಲುತ್ತಿತ್ತು. ಕಿತ್ತಳೆಯ ಹಣ್ಣಿನಂತೆ ಇರುವುದರಿಂದ ದಾರವು ಗೆದ್ದಿದೆ. ಬಲ್ಲವರು ಈ ದಾರಿಯನ್ನು ಮಹಾವೃತ್ತವೆಂದು ಕರೆಯುತ್ತಾರೆ.

ಮೊಮ್ಮಕ್ಕಳು ಇಲ್ಲಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುವುದುಂಟು. ಭೂಮಿಯೇ ತಿರುಗುತ್ತಿದೆಯಲ್ಲ ತಾತ, ವಿಮಾನ ಸುಮ್ಮನೆ ಮೇಲೆ ನಿಂತುಕೊಂಡರೆ ಅಮೆರಿಕವೇ ಕೆಳಗೆ ಬರುವುದಿಲ್ಲವೆ? ಬೆಂಗಳೂರಿನ ನೆಲವು ಗಂಟೆಗೆ ಸುಮಾರು 1,600 ಕಿಲೋಮೀಟರು ವೇಗದಲ್ಲಿ ಪೂರ್ವಕ್ಕೆ ಸುತ್ತುತ್ತಿರುವುದು ನಿಜವೇ. ಆದರೆ ಆ ನೆಲದೊಡನೆ ಗಾಳಿಯೂ ಸುತ್ತುತ್ತಿದೆ, ಗಾಳಿಯಲ್ಲಿರುವ ವಿಮಾನವೂ ಸುತ್ತುತ್ತಿದೆ. ಓಡುವ ರೈಲಿನೊಳಗೆ ಹಾರಿದ ನೊಣವು ಹಿಂದಿನ ಡಬ್ಬಿಗೆ ಹೋಗಿ ಬೀಳುವುದಿಲ್ಲವಷ್ಟೆ.

ದಾರದ ದಾರಿಯನ್ನು ಕಂಡುಕೊಂಡ ಮೇಲೆ ವಿಮಾನವು ಅದರಲ್ಲಿಯೇ ಹೋಗುವುದೆಂದು ತಿಳಿದರೆ ಅದು ಎರಡನೆಯ ತಪ್ಪು. ಟಿಬೆಟ್ಟಿನ ಪ್ರಸ್ಥಭೂಮಿಯು ಬಹಳ ಎತ್ತರವಾದುದು. ವಿಮಾನದೊಳಗಿನ ಗಾಳಿಯ ಒತ್ತಡಕ್ಕೆ ಏನಾದರೂ ತೊಂದರೆಯಾದರೆ ಚಾಲಕನು ಕೂಡಲೆ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಆದುದರಿಂದ ವಿಮಾನಗಳು ಆ ಸೀಮೆಯನ್ನು ಬಳಸಿಕೊಂಡು ಹೋಗುವುದೇ ಹೆಚ್ಚು. ಇದು ಪ್ರಕೃತಿಯ ಅಡ್ಡಿ. ಮನುಷ್ಯರ ಅಡ್ಡಿ ಇನ್ನೊಂದಿದೆ. ಆಕಾಶದಲ್ಲಿ ಬೇಲಿಯಿಲ್ಲವೆಂದು ಕವಿಗಳು ಹೇಳಬಹುದು, ಆದರೆ ಪ್ರತಿಯೊಂದು ದೇಶವೂ ತನ್ನ ನೆತ್ತಿಯ ಮೇಲಿನ ಆಕಾಶಕ್ಕೆ ಬಾಗಿಲನ್ನಿಟ್ಟುಕೊಂಡಿದೆ. ಅಮೆರಿಕದ ಯುನೈಟೆಡ್ ಸಂಸ್ಥೆಯು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನವನ್ನು ಹಾರಿಸುವುದಾಗಿ 2020ರಲ್ಲಿ ಪ್ರಕಟಿಸಿ, ಮತ್ತೆ ಮತ್ತೆ ಮುಂದಕ್ಕೆ ಹಾಕಿತು. ಅಷ್ಟರಲ್ಲಿ 2022ರಲ್ಲಿ ಉಕ್ರೇನ್ ಯುದ್ಧದ ಕಾರಣ ರಷ್ಯಾದ ಆಕಾಶವು ಅಮೆರಿಕದ ವಿಮಾನಗಳಿಗೆ ಮುಚ್ಚಿಹೋಯಿತು. ಗೋಳದ ಮೇಲಿನ ದಾರವನ್ನು ಇನ್ನೊಮ್ಮೆ ನೋಡಿದರೆ, ಸೈಬೀರಿಯವನ್ನು ಮುಟ್ಟದೆ ಈ ಎರಡು ಊರುಗಳನ್ನು ಕೂಡಿಸುವುದು ಎಷ್ಟು ಕಷ್ಟವೆಂಬುದು ತಾನಾಗಿಯೇ ತಿಳಿಯುವುದು.

ಇನ್ನು ಗಾಳಿ. ನೆಲದಿಂದ ಒಂಬತ್ತು, ಹತ್ತು, ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತಿದೆ. ಚಳಿಗಾಲದಲ್ಲಿ ಕೆಲವು ಕಡೆ ಅದರ ವೇಗವು ಗಂಟೆಗೆ 300 ಕಿಲೋಮೀಟರನ್ನೂ ಮೀರುವುದುಂಟು. ದೊಡ್ಡ ವಿಮಾನವು ತನ್ನ ಬಲದಿಂದ ಹಾರುವುದು ಗಂಟೆಗೆ ಸುಮಾರು 900 ಕಿಲೋಮೀಟರು. ಹೊಳೆಯ ಸೆಳವಿನೊಡನೆ ಹೋದರೆ ಲಾಭ, ಎದುರಾಗಿ ಹೋದರೆ ನಷ್ಟ. ಇದನ್ನು ಹರಿಗೋಲಿನವನೂ ಬಲ್ಲ. ಆದರೆ ಈ ಲಾಭ ಎಷ್ಟು ದೊಡ್ಡದೆಂಬುದಕ್ಕೆ ಒಂದು ನಿದರ್ಶನವಿದೆ. ಏರ್ ಇಂಡಿಯದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವು 2015ರ ಡಿಸೆಂಬರಿನಲ್ಲಿ ಪ್ರಾರಂಭವಾದಾಗ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರವನ್ನು ದಾಟಿ ಹೋಗುತ್ತಿತ್ತು. ದಾರಿ ಸುಮಾರು 13,900 ಕಿಲೋಮೀಟರು. 2016ರ ಅಕ್ಟೋಬರಿನಲ್ಲಿ ಅದೇ ವಿಮಾನವನ್ನು ಪೂರ್ವಕ್ಕೆ ತಿರುಗಿಸಿ ಶಾಂತಸಾಗರದ ಮೇಲೆ ಕಳುಹಿಸಿದರು. ದಾರಿ ಸುಮಾರು 15,300 ಕಿಲೋಮೀಟರಾಯಿತು. 1,400 ಕಿಲೋಮೀಟರು ಹೆಚ್ಚು. ಆದರೆ ಹಿಡಿದ ಹೊತ್ತು ಸುಮಾರು ಹದಿನಾಲ್ಕೂವರೆ ಗಂಟೆ, ಹಿಂದಿನದಕ್ಕಿಂತ ಎರಡು ಗಂಟೆಯಷ್ಟು ಕಡಿಮೆ! ರಾಯರು ತಮ್ಮ ಉಪಾಧ್ಯಾಯ ವೃತ್ತಿಯಲ್ಲಿ "ದೂರ ಹೆಚ್ಚಿದಂತೆ ಕಾಲವೂ ಹೆಚ್ಚುವುದು" ಎಂದು ಎಷ್ಟು ಹುಡುಗರಿಗೆ ಉರುಹೊಡೆಸಿದ್ದರೋ. ಅವರೆಲ್ಲರೂ ಈ ಒಂದು ಲೆಕ್ಕದಲ್ಲಿ ತಪ್ಪಿಬೀಳುತ್ತಿದ್ದರು.

ಬೆಂಗಳೂರಿನ ಸರದಿ ಬಂದುದು 2021ರ ಜನವರಿಯಲ್ಲಿ. ಆ ತಿಂಗಳ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯ ವಿಮಾನವು ಉತ್ತರ ಧ್ರುವದ ಮೇಲೆ ಹಾದು 11ರ ಸೋಮವಾರ ಬೆಳಗಿನ ಜಾವ ದೇವನಹಳ್ಳಿಯ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಬೆಂಗಳೂರಿಗೂ ಅಮೆರಿಕಕ್ಕೂ ನಡುವೆ ಎಲ್ಲಿಯೂ ಇಳಿಯದೆ ಹಾರಿದ ಮೊದಲ ನಿಯತ ಯಾನವದು. ಅದನ್ನು ನಡೆಸಿದವರು ನಾಲ್ವರು ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಕ್ಯಾಪ್ಟನ್ ಪಾಪಗಾರಿ ತನ್ಮಯಿ, ಕ್ಯಾಪ್ಟನ್ ಆಕಾಂಕ್ಷಾ ಸೋನಾವರೆ ಮತ್ತು ಕ್ಯಾಪ್ಟನ್ ಶಿವಾನಿ ಮನ್ಹಾಸ್. ಚಾಲಕರ ಕೋಣೆಯಲ್ಲಿ ಗಂಡಸೊಬ್ಬನೂ ಇರಲಿಲ್ಲ. ಪತ್ರಿಕೆಗಳಲ್ಲಿ ಆ ಚಿತ್ರವನ್ನು ಕಂಡ ಎಷ್ಟೋ ಗೃಹಿಣಿಯರಿಗೆ ವಿಮಾನದ ಹೆದರಿಕೆಯು ಅರ್ಧ ಕಡಿಮೆಯಾಗಿದ್ದರೆ ಆಶ್ಚರ್ಯವಿಲ್ಲ.

ಧ್ರುವದ ಮೇಲೆಯೇ ಏಕೆ ಹೋಗಬೇಕು? ದಾರದ ದಾರಿಯು ಧ್ರುವವನ್ನು ಮುಟ್ಟುವುದಿಲ್ಲ. 71 ಡಿಗ್ರಿ ಉತ್ತರ ಅಕ್ಷಾಂಶದ ಬಳಿಯೇ ತಿರುಗಿಕೊಳ್ಳುತ್ತದೆ. ಆದರೆ ಬೆಂಗಳೂರೂ ಸ್ಯಾನ್ ಫ್ರಾನ್ಸಿಸ್ಕೊವೂ ಗೋಳದ ಮೇಲೆ ಹೆಚ್ಚು ಕಡಿಮೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿರುವುದರಿಂದ, ಸಾಕ್ಷಾತ್ ಧ್ರುವದ ನೆತ್ತಿಯ ಮೇಲೆಯೇ ಹಾದುಹೋದರೂ ದಾರಿಯು 14,360 ಕಿಲೋಮೀಟರಾಗುವುದಷ್ಟೆ. ಹೆಚ್ಚುವುದು ಸುಮಾರು 370 ಕಿಲೋಮೀಟರು, ಅರ್ಧ ಗಂಟೆಗೂ ಕಡಿಮೆಯ ಹಾರಾಟ. ಆ ದಿನದ ಗಾಳಿಯು ಅನುಕೂಲವಾಗಿದ್ದರೆ ಆ ಅರ್ಧ ಗಂಟೆಯು ಬಡ್ಡಿಸಹಿತ ಹಿಂದಿರುಗುವುದು. ಧ್ರುವದ ದಾರಿಗೆ ತನ್ನದೇ ಆದ ಕಷ್ಟಗಳೂ ಇವೆ. ಅಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನವೇ ಹೆಪ್ಪುಗಟ್ಟುವ ಭಯ. ಸಾಮಾನ್ಯವಾಗಿ ಬಳಸುವ ಇಂಧನಗಳಲ್ಲಿ ಒಂದು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಇನ್ನೊಂದು 47 ಡಿಗ್ರಿ ಕೆಳಗೂ ಗಟ್ಟಿಯಾಗತೊಡಗುವುದು. ಆದುದರಿಂದ ಚಾಲಕರು ಇಂಧನದ ಉಷ್ಣತೆಯನ್ನು ಬಿಡದೆ ಗಮನಿಸುತ್ತ, ಬೇಕಾದರೆ ವಿಮಾನವನ್ನು ಸ್ವಲ್ಪ ಕೆಳಗಿಳಿಸಿಯೋ ವೇಗವನ್ನು ಹೆಚ್ಚಿಸಿಯೋ ಅದನ್ನು ಬೆಚ್ಚಗಿಡುತ್ತಾರೆ. ಧ್ರುವವನ್ನು ದಾಟಿದ ಕ್ಷಣದಲ್ಲಿ, ವಿಮಾನವು ಒಂದಿಷ್ಟೂ ತಿರುಗದಿದ್ದರೂ, ಉತ್ತರಾಭಿಮುಖವಾಗಿದ್ದುದು ದಕ್ಷಿಣಾಭಿಮುಖವಾಗಿಬಿಡುವುದು. ಪಂಚಾಂಗದವರಿಗೂ ಇದು ಹೊಸ ಉತ್ತರಾಯಣ.

ಬೆಂಗಳೂರಿನಿಂದ ಇಷ್ಟು ದೂರಕ್ಕೆ ಏಳುವುದು ಮುಂಬಯಿಯಿಂದ ಏಳುವುದಕ್ಕಿಂತ ಕಷ್ಟವೆಂಬುದನ್ನೂ ಇಲ್ಲಿ ಹೇಳಬೇಕು. ಮುಂಬಯಿಯು ಸಮುದ್ರಮಟ್ಟದಲ್ಲಿದೆ. ಬೆಂಗಳೂರಿನ ವಿಮಾನ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ನಗರವಾಸಿಗಳು ಹೊಗಳುವ ತಂಪಾದ ತೆಳುಗಾಳಿಯೇ ವಿಮಾನದ ರೆಕ್ಕೆಗೆ ಕಡಿಮೆ ಆಸರೆಯನ್ನು ಕೊಡುವುದು. ಆ ದಿನ ಹಾರಿದ ಬೋಯಿಂಗ್ 777–200 ಎಲ್‌ಆರ್ ವಿಮಾನವು ತುಂಬಿದಾಗ ಹತ್ತಿರಹತ್ತಿರ 347 ಟನ್ನು ತೂಗಬಲ್ಲುದು, ಅದರಲ್ಲಿ 1,80,000 ಲೀಟರಿಗೆ ಮಿಕ್ಕಿ ಇಂಧನವನ್ನು ತುಂಬಬಹುದು. ದೂರದ ಪ್ರಯಾಣಕ್ಕೆ ಹೊರಟವನು ಬುತ್ತಿಯನ್ನು ಹೊತ್ತುಕೊಂಡೇ ಹೋಗಬೇಕು; ಆ ಬುತ್ತಿಯನ್ನು ಹೊರುವುದಕ್ಕೆಂದೇ ಬುತ್ತಿಯಲ್ಲಿ ಒಂದು ಪಾಲನ್ನು ತಿನ್ನಬೇಕು. ಇದೇ ಕಾರಣಕ್ಕೆ ಓಡುದಾರಿಯು ಉದ್ದವಾಗಿರಬೇಕು. ದೇವನಹಳ್ಳಿಯ ಓಡುದಾರಿಗಳು 4,000 ಮೀಟರು ಉದ್ದವಾಗಿವೆ.

ರಾಯರ ಮನೆಗೆ ಹಿಂದಿರುಗಿದರೆ, ಅಲ್ಲಿ ಸಮಸ್ಯೆಯು ಗಡಿಯಾರದ್ದು.

"ಮಧ್ಯಾಹ್ನ ಎರಡೂವರೆಗೆ ಹೊರಟರೆ ಅದೇ ದಿನ ಸಂಜೆ ಐದು ಗಂಟೆಗೆ ಇಳೀತೀಯ" ಎಂದರು ರಾಯರು.

"ಎರಡೂವರೆ ಗಂಟೆಯ ಪ್ರಯಾಣಕ್ಕೆ ಇಷ್ಟೊಂದು ಗಲಾಟೆ ಮಾಡಿದ್ರಾ?"

ರಾಯರು ಹಾಸ್ಯಕ್ಕಾಗಿ ಹೇಳಿದ್ದಲ್ಲ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರವು ಬೆಂಗಳೂರಿನದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಇಲ್ಲಿ ಮಧ್ಯಾಹ್ನ ಎರಡೂವರೆಯಾದಾಗ ಅಲ್ಲಿ ಅದೇ ತಾರೀಖಿನ ರಾತ್ರಿ ಒಂದು ಗಂಟೆ. ಹದಿನಾರು ಗಂಟೆ ಹಾರಿದರೆ ಸಂಜೆ ಐದು. ಹೋಗುವಾಗ ದೊರೆತ ಈ ಲಾಭವನ್ನು ಬರುವಾಗ ಹಿಂದಕ್ಕೆ ಕಿತ್ತುಕೊಳ್ಳುತ್ತಾರೆ. 2021ರ ಆ ಮೊದಲ ಯಾನದವರು ಶನಿವಾರ ರಾತ್ರಿಯ ಊಟವನ್ನು ಮುಗಿಸಿ ವಿಮಾನವನ್ನು ಹತ್ತಿದವರು, ಇಳಿದಾಗ ಸೋಮವಾರ. ಭಾನುವಾರವು ಮೋಡಗಳ ಮೇಲೆಯೇ ಕಳೆದುಹೋಯಿತು. ಅವರು ಆಕಾಶದಲ್ಲಿ ಇದ್ದುದು ಹದಿನೇಳು ಗಂಟೆಗಳ ಆಸುಪಾಸು.

ಹಿಂದಿನ ಕಾಲವನ್ನು ನೆನೆದರೆ ಈ ಹದಿನೇಳು ಗಂಟೆ ಏನೂ ಅಲ್ಲ. ವೈಟ್‌ಫೀಲ್ಡ್ ಹುಟ್ಟಿದುದೇ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ–ಇಂಡಿಯನ್ ಸಂಘಕ್ಕೆ ಕೊಟ್ಟ 3,900 ಎಕರೆ ಭೂಮಿಯಲ್ಲಿ. ಆ ನೆಲಸುನಾಡಿಗಾಗಿ ದುಡಿದ ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಅದೇ ಮಹಾರಾಜರ ಆತಿಥ್ಯವನ್ನು 1892ರಲ್ಲಿ ಮೈಸೂರಿನಲ್ಲಿ ಸ್ವೀಕರಿಸಿದ ಸ್ವಾಮಿ ವಿವೇಕಾನಂದರು ಮರುವರ್ಷ ಮೇ 31ರಂದು ಮುಂಬಯಿಯಲ್ಲಿ ಹಡಗನ್ನೇರಿ, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳನ್ನು ದಾಟಿ ಜುಲೈ 25ರಂದು ವ್ಯಾಂಕೂವರಿನಲ್ಲಿ ಇಳಿದರು. ಐವತ್ತೈದು ದಿನ! ಅವರೂ ಪೂರ್ವದ ದಾರಿಯನ್ನೇ ಹಿಡಿದಿದ್ದರು. ವಿಮಾನದ ಯುಗ ಬಂದ ಮೇಲೂ ಹಲವು ಕಾಲ ಪ್ರಯಾಣವೆಂದರೆ ಮೆಟ್ಟಿಲು ಮೆಟ್ಟಿಲಾಗಿ ಹಾರುವುದು. 1932ರಲ್ಲಿ ಟಾಟಾ ಸಂಸ್ಥೆಯ ಮೊದಲ ಟಪಾಲು ವಿಮಾನವು ಕರಾಚಿಯಿಂದ ಮದರಾಸಿಗೆ ಹೋಗುವಾಗ ಬಳ್ಳಾರಿಯಲ್ಲಿ ಇಳಿದೇ ಮುಂದೆ ಹೋಗಬೇಕಾಯಿತು. 1948ರ ಜೂನಿನಲ್ಲಿ ಮುಂಬಯಿಯಿಂದ ಲಂಡನಿಗೆ ಹೊರಟ ಏರ್ ಇಂಡಿಯದ ಮೊದಲ ವಿಮಾನವು ಕೈರೋ ಮತ್ತು ಜಿನೀವಗಳಲ್ಲಿ ಇಳಿದು ಹೋಯಿತು.

ಹಾಗೆ ಇಳಿಇಳಿದು ಹೋಗುವ ಪದ್ಧತಿ ಇಂದಿಗೂ ತೀರಿಲ್ಲ. ದುಬೈ, ಫ್ರಾಂಕ್‌ಫರ್ಟ್, ಲಂಡನ್, ಸಿಂಗಪುರ, ಇವುಗಳಲ್ಲಿ ಎಲ್ಲಿಯಾದರೂ ಒಂದು ಕಡೆ ಇಳಿದು ಬೇರೆ ವಿಮಾನವನ್ನು ಹತ್ತಿ ಹೋಗುವವರೇ ಬಹಳ. ಗಡಿಯಾರದ ಲೆಕ್ಕದಲ್ಲಿ ನಾಲ್ಕಾರು ಗಂಟೆ ಹೆಚ್ಚಾಗಬಹುದು. ಇಪ್ಪತ್ತೈದರ ಹುಡುಗನಿಗೆ ಅದು ಲೆಕ್ಕವಲ್ಲ. ಆದರೆ ಅರವತ್ತೆರಡು ವಯಸ್ಸಿನ, ಕನ್ನಡವಲ್ಲದೆ ಮತ್ತೊಂದು ಮಾತನ್ನು ಧೈರ್ಯವಾಗಿ ಆಡದ ತಾಯಿಗೆ ಆ ನಾಲ್ಕು ಗಂಟೆಗಳೇ ಇಡೀ ಪ್ರಯಾಣಕ್ಕಿಂತ ದೊಡ್ಡವು. ಅಪರಿಚಿತವಾದ ನಿಲ್ದಾಣ, ಮೈಲಿ ಉದ್ದದ ಮೊಗಸಾಲೆಗಳು, ಒಂದು ಕಟ್ಟಡದಿಂದ ಮತ್ತೊಂದಕ್ಕೆ ಹೋಗುವ ಪುಟ್ಟ ರೈಲು, ಮತ್ತೆ ತಪಾಸಣೆ, ಮತ್ತೆ ಬಳೆ ತೆಗೆಯುವುದು, ಮತ್ತೆ ಬಾಗಿಲಿನ ಸಂಖ್ಯೆ ಬದಲಾದುದು. ನಡೆಯಬಲ್ಲ ತಾಯಂದಿರಿಗೂ ಮಕ್ಕಳು ಗಾಲಿಕುರ್ಚಿಯನ್ನು ಕಾದಿರಿಸುವುದುಂಟು. ಕಾಲಿಗೆ ಬಲವಿಲ್ಲವೆಂದಲ್ಲ, ಕುರ್ಚಿಯನ್ನು ತಳ್ಳುವವನು ದಾರಿಯನ್ನು ಬಲ್ಲನೆಂದು. ನೇರ ವಿಮಾನವು ಉಳಿಸುವುದು ಈ ನಾಲ್ಕು ಗಂಟೆಗಳನ್ನು. ಬೆಂಗಳೂರಿನಲ್ಲಿ ಹತ್ತಿಸಿದವರು ರಾಯರು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಸಿಕೊಳ್ಳುವವನು ಅಳಿಯ. ನಡುವೆ ತಾನು ಕುಳಿತ ಕುರ್ಚಿಯನ್ನು ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲವೆಂಬ ಒಂದೇ ಮಾತಿನಿಂದ ಎಷ್ಟೋ ತಾಯಂದಿರು ಒಬ್ಬರೇ ಹೊರಡಲು ಒಪ್ಪಿದರು. ಆದರೆ ಇಂತಹ ಯಾನಗಳ ವೇಳಾಪಟ್ಟಿಯು ಋತುವಿನಿಂದ ಋತುವಿಗೆ, ರಾಜಕೀಯದಿಂದ ರಾಜಕೀಯಕ್ಕೆ ಬದಲಾಗುತ್ತಿರುತ್ತದೆ. ಕೆಲವು ಕಾಲ ನಿಂತೂ ಹೋಗಬಹುದು. 2021ರಲ್ಲಿ ಮೊದಲಾದಾಗ ಅದು ವಾರಕ್ಕೆ ಎರಡೇ ಸಲ. ಅವಸರದಲ್ಲಿ ಬರಬೇಕಾದ ಮಗನಿಗೆ ಹದಿನೇಳು ಗಂಟೆಯ ವಿಮಾನವೂ, ಅದು ಹೊರಡುವುದು ಮೂರು ದಿನದ ಮೇಲಾದರೆ, ಮೂರು ದಿನ ಹದಿನೇಳು ಗಂಟೆಯ ವಿಮಾನವೇ.

ಈ ಮಾತು ಎಷ್ಟು ಕಠಿನವೆಂಬುದನ್ನು ಕೋವಿಡ್ ಕಾಲವು ತೋರಿಸಿತು. 2020ರ ಮಾರ್ಚಿಯಲ್ಲಿ ನಿಂತ ನಿಯತ ಅಂತರರಾಷ್ಟ್ರೀಯ ಯಾನಗಳು ಮತ್ತೆ ಪೂರ್ಣವಾಗಿ ತೆರೆದುದು 2022ರ ಮಾರ್ಚಿ 27ರಂದು. ನಡುವೆ ವಿಶೇಷ ವಿಮಾನಗಳೂ, ದೇಶದೇಶಗಳ ನಡುವಿನ ಒಪ್ಪಂದದ ವಿಮಾನಗಳೂ ಇದ್ದುವು. ಬೆಂಗಳೂರಿನ ಆ ಮೊದಲ ನೇರ ಯಾನವೂ ಆ ಕಾಲದ್ದೇ. ಆದರೂ ಟಿಕೆಟ್ಟು ಸಿಕ್ಕದೆ, ಸಿಕ್ಕಿದರೆ ವೀಸಾ ಸಿಕ್ಕದೆ, ತಂದೆಯ ಅಂತ್ಯಸಂಸ್ಕಾರವನ್ನು ಕೈಯಲ್ಲಿನ ಫೋನಿನ ಪರದೆಯ ಮೇಲೆ ಕಂಡ ಮಕ್ಕಳು ಹಲವರು. ಬೆಂಗಳೂರಿಗೂ ಕ್ಯಾಲಿಫೋರ್ನಿಯಕ್ಕೂ ಇರುವ ದೂರವು ಆಗಲೂ 13,990 ಕಿಲೋಮೀಟರೇ ಆಗಿತ್ತು.

ಬಾಣಂತನಕ್ಕೆ ಹೊರಟ ತಾಯಂದಿರಿಗೆ ಉಪಯೋಗವಾಗುವ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡವು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ. ಹದಿನಾರು ಗಂಟೆ ಕಾಲ ಮುಳ್ಳಯ್ಯನಗಿರಿಯ ತುದಿಯಲ್ಲಿ ಕುಳಿತಂತೆ ಎನ್ನಬಹುದು, ಆದರೆ ಅಲ್ಲಿಯ ಮಂಜಿನ ತೇವವಿಲ್ಲದೆ. ಗಾಳಿಯು ಬಹಳ ಒಣಗಿರುವುದರಿಂದ ಬಾಯಾರಿಕೆಯಿಲ್ಲದಿದ್ದರೂ ಆಗಾಗ ನೀರನ್ನು ಕುಡಿಯಬೇಕು. ಶೌಚಾಲಯಕ್ಕೆ ಏಳಬೇಕಾಗುವುದೆಂಬ ಸಂಕೋಚದಿಂದ ನೀರನ್ನೇ ಬಿಡುವ ಹೆಂಗಸರುಂಟು, ಇದು ತಪ್ಪು. ಏಳುವುದೇ ಒಳ್ಳೆಯದು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತವು ಗಡ್ಡೆಕಟ್ಟುವ ಅಪಾಯವಿದೆ. ಎರಡು ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ಕುಳಿತಲ್ಲಿಯೇ ಪಾದಗಳನ್ನು ಆಡಿಸುತ್ತಿರಬೇಕು. ದಿನನಿತ್ಯದ ಔಷಧಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿ, ವೈದ್ಯರ ಚೀಟಿಯೊಡನೆ ಇಟ್ಟುಕೊಳ್ಳುವುದು ಲೇಸು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಳ್ಳುವವರಾದರೆ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಹೋಗುವ ದಿನವು ಕ್ಯಾಲೆಂಡರಿನಲ್ಲಿ ಹದಿಮೂರೂವರೆ ಗಂಟೆ ಉದ್ದವಾಗುವುದು. ಯಾವ ಹೊತ್ತನ್ನು ರಾತ್ರಿಯೆಂದು ತಿಳಿಯಬೇಕೆಂಬುದನ್ನು ವಿಮಾನದ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ವೈದ್ಯರನ್ನೇ ಕೇಳಿ ಬರೆಸಿಕೊಳ್ಳಬೇಕು.

ಸಾಮಾನಿನ ವಿಚಾರದಲ್ಲಿ ಹೇಳಿದರೆ ಯಾವ ತಾಯಿಯೂ ಕೇಳುವುದಿಲ್ಲ. ಮೆಂತ್ಯದ ಹಿಟ್ಟು, ಹುಳಿಪುಡಿ, ಬಾಣಂತಿಗೆ ಅಂಟಿನ ಉಂಡೆ, ಕೂಸಿಗೆ ಹಳೆಯ ಮೆತ್ತನೆಯ ಪಂಚೆಯ ತುಂಡುಗಳು, ಇವೆಲ್ಲ ಹೋಗಲೇಬೇಕು. ಆದರೆ ಹಿತ್ತಿಲಿನ ಕರಿಬೇವಿನ ಎಲೆಗಳನ್ನು ಮಾತ್ರ ಇಲ್ಲಿಯೇ ಬಿಡಬೇಕು. ಕರಿಬೇವು ನಿಂಬೆ, ಕಿತ್ತಳೆಗಳ ಬಳಗಕ್ಕೆ ಸೇರಿದ ಗಿಡ. ಆ ಬಳಗದ ಮರಗಳನ್ನು ಕೊಲ್ಲುವ ರೋಗವನ್ನು ಹರಡುವ ಪುಟ್ಟ ಕೀಟವು ಎಲೆಯಲ್ಲಿ ಅಡಗಿ ಬರುವುದೆಂದು ಅಮೆರಿಕದ ಅಧಿಕಾರಿಗಳು ಅದನ್ನು ಒಳಗೆ ಬಿಡುವುದಿಲ್ಲ. ತಿನ್ನುವ ಪದಾರ್ಥ ಏನೇ ಇದ್ದರೂ ಕೇಳಿದಾಗ ಇದೆಯೆಂದು ಹೇಳಿಬಿಡುವುದು ಕ್ಷೇಮ; ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡವಿದೆ.

ಕೊನೆಗೆ ಉಳಿದುದು, ಎಲ್ಲಕ್ಕಿಂತ ಕಡಿಮೆಯ ದೂರ. ಕಾಡುಗೋಡಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬೂದಿಗೆರೆಯ ಮೇಲೆ ಹೋದರೆ ಸುಮಾರು 40 ಕಿಲೋಮೀಟರು. ಹಿಂದೆ ನಿಲ್ದಾಣವು ಎಚ್.ಎ.ಎಲ್. ಬಳಿ ಇದ್ದಾಗ ವೈಟ್‌ಫೀಲ್ಡಿನವರಿಗೆ ಅದು ನೆರೆಮನೆಯಂತಿತ್ತು. 2008ರ ಮೇ ತಿಂಗಳಿನಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದುವು. ವೈಟ್‌ಫೀಲ್ಡ್ ಅಮೆರಿಕಕ್ಕೆ ಹತ್ತಿರವಾಗುತ್ತ ಬಂದ ವರ್ಷಗಳಲ್ಲಿಯೇ ವಿಮಾನ ನಿಲ್ದಾಣಕ್ಕೆ ದೂರವಾಯಿತು. 2023ರ ಮಾರ್ಚಿಯಲ್ಲಿ ಕಾಡುಗೋಡಿಗೆ ಮೆಟ್ರೋ ಬಂದಿತು, ಆದರೆ ಆ ನೇರಳೆ ಮಾರ್ಗವು ಹೋಗುವುದು ಮೆಜೆಸ್ಟಿಕ್ಕಿನ ಕಡೆಗೆ. ವಾಹನಗಳ ದಟ್ಟಣೆಯ ವೇಳೆಯಲ್ಲಿ ಈ 40 ಕಿಲೋಮೀಟರಿಗೆ ಎರಡು ಗಂಟೆ ಹಿಡಿಯುವುದು ಅಪರೂಪವಲ್ಲ. ಗಂಟೆಗೆ ಇಪ್ಪತ್ತು ಕಿಲೋಮೀಟರು; ಸೈಕಲ್ಲಿನ ವೇಗ. ಅಷ್ಟೇ ದೂರಕ್ಕೆ ವಿಮಾನವು ತೆಗೆದುಕೊಳ್ಳುವುದು ಮೂರು ನಿಮಿಷಕ್ಕೂ ಕಡಿಮೆ. ಕಾರು ಈ ಎರಡು ಗಂಟೆಗಳನ್ನು ಕಳೆಯುವಷ್ಟರಲ್ಲಿ ವಿಮಾನವಾದರೆ ದೆಹಲಿಯ ಸಮೀಪಕ್ಕೆ ಬಂದಿರುತ್ತದೆ.

ರಾಯರು ಲೆಕ್ಕ ಹಾಕಿದರು. ಎರಡೂವರೆಯ ವಿಮಾನ, ಮೂರು ಗಂಟೆ ಮೊದಲು ಅಲ್ಲಿರಬೇಕು, ದಾರಿಗೆ ಎರಡು ಗಂಟೆ, ಟೈರು ಪಂಚರಾದರೆಂದು ಇನ್ನೊಂದು. ಎಂಟೂವರೆಗೆ ಮನೆ ಬಿಡಬೇಕು. ಆಕೆ ಏಳಕ್ಕೇ ಸೀರೆಯುಟ್ಟು, ದೇವರಿಗೆ ದೀಪ ಹಚ್ಚಿ, ಪೆಟ್ಟಿಗೆಗಳ ಪಕ್ಕದಲ್ಲಿ ಕುಳಿತಿದ್ದರು. ಫ್ರಿಜ್ಜಿನಲ್ಲಿ ಎಂಟು ದಿನಕ್ಕೆ ಆಗುವಷ್ಟು ಹುಳಿ, ಗೊಜ್ಜು ಡಬ್ಬಿಡಬ್ಬಿಯಾಗಿ ನಿಂತಿತ್ತು. ಹನ್ನೊಂದರ ಸುಮಾರಿಗೆ ನಿಲ್ದಾಣದ ಬಾಗಿಲಿನಲ್ಲಿ ರಾಯರನ್ನು ಕಾವಲಿನವನು ತಡೆದ. ಟಿಕೆಟ್ಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಗಾಜಿನಾಚೆ ಆಕೆ ಒಮ್ಮೆ ತಿರುಗಿ ನೋಡಿ, ಮಾತ್ರೆ ನುಂಗುವಂತೆ ಕೈಸನ್ನೆ ಮಾಡಿ ಹೋದರು.

ಆಕೆ ಹೋಗಿ ಆರು ವಾರಗಳಾದುವು. ಮಾರ್ಚಿಯ ಎರಡನೆಯ ಭಾನುವಾರ ಬಂದಿತು. ಅಮೆರಿಕದಲ್ಲಿ ಆ ದಿನ ಬೆಳಗಿನ ಜಾವ ಎರಡು ಗಂಟೆಗೆ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ; ಬೆಂಗಳೂರಿನೊಡನೆ ಇರುವ ಅಂತರವು ಹದಿಮೂರೂವರೆಯಿಂದ ಹನ್ನೆರಡೂವರೆ ಗಂಟೆಗೆ ಇಳಿಯುವುದು. ಕ್ಯಾಲಿಫೋರ್ನಿಯದ ಎರಡು ಗಂಟೆಯೆಂದರೆ ಕಾಡುಗೋಡಿಯಲ್ಲಿ ಅದೇ ಭಾನುವಾರ ಮಧ್ಯಾಹ್ನ ಮೂರೂವರೆ. ರಾಯರು ಮೂರೂವರೆಯವರೆಗೆ ಕಾದಿದ್ದು, ಮಂಡಿನೋವನ್ನು ಮರೆತು ಸ್ಟೂಲನ್ನು ಹತ್ತಿ ಎರಡನೆಯ ಗಡಿಯಾರದ ಮುಳ್ಳನ್ನು ಮೂರಕ್ಕೆ ತಂದಿಟ್ಟರು. ರಾತ್ರಿ ಒಂಬತ್ತೂವರೆಗೆ ಬರುತ್ತಿದ್ದ ಫೋನು ಇನ್ನು ಎಂಟೂವರೆಗೇ ಬರುವುದು. ಊಟವನ್ನು ಅದಕ್ಕಿಂತ ಮೊದಲೇ ಮುಗಿಸಬೇಕೆಂದು ಯೋಚಿಸುತ್ತ ಅವರು ಸ್ಟೂಲಿನಿಂದ ಮೆಲ್ಲನೆ ಕೆಳಗಿಳಿದರು.